ನಾಹಿದಳಿಗೆ ಬೇಡವಾದ ಮೂವತ್ತು ಅಂಕ

ಜನವರಿ ೧೯, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಚಿತ್ತಾಪುರ ಠಾಣೆಗೆ ಬಂದ ದೂರಿನಂಥದ್ದನ್ನು ಅಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಏನೋ ಕಳೆದುಹೋಯಿತೆಂದು ಬರುವವರನ್ನು ಪಿಎಸ್‌ಐ ನಾಗೇಂದ್ರಪ್ಪ ದಿನಾ ನೋಡುತ್ತಿದ್ದರು. ಹೆಚ್ಚಿಗೆ ಬಂತೆಂದು ಬಂದವರು ಇವರೇ ಮೊದಲು: ಸೇಡಂ ತಾಲೂಕಿನ ಮುಧೋಳದ ಹುಡುಗಿ ನಾಹಿದ, ಜೊತೆಗೆ ಅವಳ ತಾತ ಗನಿಸಾಬ.

"ಕುಂದ್ರಿ ಚಾಚಾ. ಏನ್ ಕಳುವಾಗ್ಯಾದ?"

"ಏನೂ ಕಳುವಾಗಿಲ್ರಿ ಸರ್," ಎಂದು ಹುಡುಗಿಯೇ ಉತ್ತರಿಸಿದಳು. "ಪರೀಕ್ಷಾದಾಗ ನನಗ ಮೂವತ್ತು ಮಾರ್ಕ್ ಹೆಚ್ಚು ಬಂದಾವ್ರಿ."

ಬಾಗಿಲ ಬಳಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ಜಯಮಾಲಾಗೆ ನಗು ತಡೆಯಲಾಗಲಿಲ್ಲ. "ನಮ್ಮ ಮನ್ಯಾಗ ಒಬ್ಬಾವ ಹಾನ. ಅವನಿಗರ ಕೊಡವ್ವಾ."

ನಾಹಿದ ನಗಲಿಲ್ಲ. ನಾಗೇಂದ್ರಪ್ಪನವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

ಚಿಂಚೋಳಿ ಪಕ್ಕದ ಚಂದಾಪುರದ ಒಂದು ಟ್ರಸ್ಟು ಪ್ರತಿವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿಗೆ ಒಂದು ಆಯ್ಕೆ ಪರೀಕ್ಷೆ ಮಾಡುತ್ತಿತ್ತು. ಮೊದಲ ಇಬ್ಬರಿಗೆ ಮೇ ತಿಂಗಳ ನೀಟ್ ಮುಗಿಯುವ ತನಕ ಕಲಬುರಗಿಯಲ್ಲಿ ಊಟ, ವಸತಿ, ತರಬೇತಿ ಎಲ್ಲಾ ಉಚಿತ. ಈ ಸಲದ ಪರೀಕ್ಷೆ ಜನವರಿ ೧೧ರ ಭಾನುವಾರ ಚಿತ್ತಾಪುರದ ಒಂದು ಕಾಲೇಜಿನಲ್ಲಿ ನಡೆದಿತ್ತು. ನಿಯಮಗಳೆಲ್ಲ ನೀಟ್‌ನವೇ. ನೂರ ಎಂಬತ್ತು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದರ ವೃತ್ತ ತುಂಬಿದರೆ ನಾಲ್ಕು ಅಂಕ, ತಪ್ಪಾದರೆ ಒಂದು ಅಂಕ ಕಡಿತ, ಖಾಲಿ ಬಿಟ್ಟರೆ ಸೊನ್ನೆ.

"ನಾ ಅರವತ್ತು ಪ್ರಶ್ನಿ ಖಾಲಿ ಬಿಟ್ಟಿದ್ದೆ. ಮೈನಸ್ಸಿಗಿ ಅಂಜಿಕಿ ಬರ್ತದ್ರಿ ನನಗ," ಎಂದಳು ನಾಹಿದ. "ಬರೆದಿದ್ದು ನೂರಾ ಇಪ್ಪತ್ತು. ಉತ್ತರದ ಕೀಲಿ ಹಿಡಿದು ನೋಡೀನಿ, ಅದರಾಗ ನೂರಾ ಆರು ಸರಿ, ಹದಿನಾಲ್ಕು ತಪ್ಪು. ಅಂದ್ರ ನಾನೂರಾ ಹತ್ತು. ಯಾದ್ಯಾಗ ನಾನೂರಾ ನಲವತ್ತು ಅಂತ ಹಾಕ್ಯಾರ, ಮೊದಲನೇ ನಂಬರ್ ನಂದೇ."

"ಎರಡನೇದು?"

"ಶಹಾಬಾದಿನ ಮತೀನ, ನಾನೂರಾ ಇಪ್ಪತ್ತೈದು. ಮೂರನೇದು ವಾಡಿಯ ಭಾಗ್ಯವಂತಿ, ನಾನೂರಾ ಹದಿನಾರು."

ನಾಗೇಂದ್ರಪ್ಪ ಅವಳ ಮುಖ ನೋಡಿದರು. "ನಿಂದು ನಾನೂರಾ ಹತ್ತಾದ್ರ ನೀ ಮೂರನೇದಾಕಿ ಆಗ್ತಿ. ಸೀಟು ಹೋಗ್ತದ. ಗೊತ್ತದ ಇಲ್ಲ?"

"ಗೊತ್ತದ್ರಿ."

"ಟ್ರಸ್ಟಿನವರಿಗಿ ಹೇಳಿದಿ?"

"ಹೇಳೀನ್ರಿ. ಬಂದಿದ್ದು ತಗೊಂಡು ಸುಮ್ಮನ ಕುಂದ್ರು ಅಂದ್ರು. ಹೆಂಗ್ ಕುಂದ್ರಲ್ರಿ? ನಾಳಿ ಯಾರರ ಹಾಳಿ ತೆಗೆದು ನೋಡಿದ್ರ ನನಗ ಕಳ್ಳಿ ಅಂತಾರ."

ಗನಿಸಾಬ ಟೋಪಿ ಕೈಯಲ್ಲಿ ಹಿಡಿದುಕೊಂಡು ಮುಂದೆ ಬಾಗಿದ. "ಸಾಹೇಬ್ರ, ಬ್ಯಾಡ ಅಂತ ಬಸ್ಸಿನ ತುಂಬಾ ಹೇಳೀನಿ. ಕೇಳಲಿಲ್ಲ ನೋಡ್ರಿ."

ಹಾಗೆ ಹೇಳಿದರೂ ಮುದುಕನ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು. ದಾಖಲೆ ತಿದ್ದಿದ ಆರೋಪದ ಮೇಲೆ ಎಫ್‌ಐಆರ್ ಆಯಿತು. ಆರೋಪಿ ಎಂಬಲ್ಲಿ 'ಅಪರಿಚಿತ ವ್ಯಕ್ತಿ' ಎಂದು ಬರೆದರು.

ಅದೇ ಮಧ್ಯಾಹ್ನ ನಾಗೇಂದ್ರಪ್ಪ, ಜಯಮಾಲಾ ಇಬ್ಬರೂ ಚಂದಾಪುರ ಮುಟ್ಟಿದರು. ಟ್ರಸ್ಟಿನ ಕಾರ್ಯದರ್ಶಿ ಸುರೇಶಕುಮಾರನಿಗೆ ಪೊಲೀಸ್ ಜೀಪು ಕಂಡಕೂಡಲೇ ಬೆವರು ಬಂತು. ಪಂಚರ ಎದುರು ನಾಹಿದಳ ಉತ್ತರದ ಹಾಳೆ ತೆಗೆಸಿದರು. ನೂರ ಇಪ್ಪತ್ತು ವೃತ್ತಗಳು ಕಪ್ಪು ಶಾಯಿಯವು. ಪರೀಕ್ಷೆಯ ದಿನ ಮಕ್ಕಳಿಗೆ ಟ್ರಸ್ಟೇ ಕೊಟ್ಟ ಪೆನ್ನು ಕಪ್ಪಿನದು. ಉಳಿದ ಅರವತ್ತು ನೀಲಿ, ಅದರಲ್ಲೂ ಎಲ್ಲವೂ ಎರಡನೇ ಉತ್ತರದ ಮೇಲೆ. ಹಾಳೆ ಓದುವ ಯಂತ್ರಕ್ಕೆ ಕಪ್ಪಾದರೇನು, ನೀಲಿಯಾದರೇನು, ತುಂಬಿದ್ದು ಕಂಡರೆ ಸಾಕು. ಮನುಷ್ಯರು ಯಾರೂ ಹಾಳೆ ನೋಡಿರಲೇ ಇಲ್ಲ.

"ಅರವತ್ತರಾಗ ಹದಿನೆಂಟು ಸರಿ ಅವ, ನಲವತ್ತೆರಡು ತಪ್ಪು," ಎಂದು ಜಯಮಾಲಾ ಉತ್ತರದ ಕೀಲಿ ಹಿಡಿದು ತಾಳೆ ನೋಡಿದಳು. "ಎಪ್ಪತ್ತೆರಡು ಬಂದು ನಲವತ್ತೆರಡು ಹೋಗ್ಯಾವ. ಉಳಿದಿದ್ದು ಮೂವತ್ತು. ಹುಡುಗಿ ಖರೇನೇ ಹೇಳ್ಯಾಳ."

"ಹಾಳಿಗಳು ಯಾರ ತಾಬಾದಾಗ ಇದ್ವು?" ನಾಗೇಂದ್ರಪ್ಪ ಕೇಳಿದರು.

ಪರೀಕ್ಷೆ ಮುಗಿದ ಸಂಜೆ ಸುರೇಶಕುಮಾರ ಹಾಳೆಗಳನ್ನು ಕಾಲೇಜಿನ ಆಫೀಸಿನ ಕಪಾಟಿನಲ್ಲಿಟ್ಟು ಮೇಲ್ವಿಚಾರಕರನ್ನು ಬಸ್ಸು ಹತ್ತಿಸಲು ಹೋಗಿದ್ದ. ಮರಳಿ ಬಂದ ಮೇಲೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ್ದ. ಆ ನಡುವಿನ ಹೊತ್ತಿನಲ್ಲಿ ಕಟ್ಟಡದಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬರು ಸೇಡಂನ ಗಣಿತದ ಉಪನ್ಯಾಸಕ ಗುಲಾಮ್ ರಸೂಲ್, ಮಗ್ಗುಲ ಕೋಣೆಯಲ್ಲಿ ಹಾಜರಿ ಬರೆಯುತ್ತಿದ್ದರು. ಇನ್ನೊಬ್ಬ ಕಾಲೇಜಿನ ಜವಾನ ಅಂಬಾರಾಯ.

"ಗುಲಾಮ್ ರಸೂಲ್ ನಾಹಿದಗ ಪಾಠ ಹೇಳಿದ ಮಾಸ್ತರ್ರು," ಎಂದು ಸುರೇಶಕುಮಾರ ದನಿ ತಗ್ಗಿಸಿ ಹೇಳಿದ.

ವಾಪಸು ಬರುವ ದಾರಿಯಲ್ಲಿ ಜಯಮಾಲಾ ಕೇಸು ಮುಗಿದೇಹೋಯಿತು ಎಂಬಂತೆ ಮಾತಾಡಿದಳು. ಶಿಷ್ಯೆಗೆ ಸಹಾಯ ಮಾಡಲು ಮಾಸ್ತರೇ ತುಂಬಿದ್ದಾರೆ, ಇನ್ನೇನು?

"ಸಹಾಯ ಮಾಡೋರು ಸರಿ ಉತ್ತರ ತುಂಬ್ತಾರವ್ವಾ. ಮಾಸ್ತರಗ ಒಂದಿಷ್ಟರ ಗೊತ್ತಿರ್ತಾವ. ಇವ ಎಲ್ಲಾ ಎರಡನೇದಕ್ಕೇ ಬಳದಾನ."

"ಮತ್ತ ಯಾಕ ತುಂಬ್ಯಾನ್ರಿ?"

ನಾಗೇಂದ್ರಪ್ಪನವರಿಗೂ ಅದೇ ಗಂಟು ಬಿಚ್ಚಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಸೇಡಂನಲ್ಲಿ ಗುಲಾಮ್ ರಸೂಲ್ ಅವರನ್ನು ಕಂಡರು. ಅವರು ಗಾಬರಿಯಾಗಲಿಲ್ಲ. ಹಾಳೆಯ ಫೋಟೊ ನೋಡಿ ಹಣೆ ಚಚ್ಚಿಕೊಂಡರು.

"ಈ ಹುಡುಗಿಗಿ ಖಾಲಿ ಬಿಡಬ್ಯಾಡ ಅಂತ ಎಷ್ಟು ಸಲ ಹೇಳಬೇಕ್ರಿ! ಕಣ್ಣು ಮುಚ್ಚಿ ನಾಕು ಪ್ರಶ್ನಿ ತುಂಬಿದ್ರ, ಸರಾಸರಿ ಒಂದು ಹತ್ತತದ. ನಾಕು ಬಂದು ಮೂರು ಹೋಗ್ತಾವ. ಒಂದು ಉಳೀತದ. ನಾಕರಾಗ ಎರಡು ಉತ್ತರ ಇವಲ್ಲ ಅಂತ ತೆಗೆದು ಹಾಕಿದ್ರಂತೂ ಲಾಭಾನೇ ಲಾಭ."

"ಹಂಗಾದ್ರ ತುಂಬಿದವ ಆಕಿಗಿ ಲಾಭ ಆಗ್ಲಿ ಅಂತ ತುಂಬ್ಯಾನೇನ್ರಿ?"

"ಲೆಕ್ಕ ಗೊತ್ತಿದ್ದವ ಲಾಭ ಅಂತಾನ. ಗೊತ್ತಿಲ್ಲದವ ಹಾಳಾಯಿತು ಅಂತಾನ. ನಮ್ಮ ಕಡಿ ನೂರಕ್ಕ ತೊಂಬತ್ತು ಮಂದಿ ಎರಡನೇ ಜಾತಿಯೋರು. ಸುರೇಶಕುಮಾರ್ರೇ ಪರೀಕ್ಷಾ ಶುರು ಆಗೋ ಮೊದಲು ಹುಡುಗರಿಗಿ ಮೈಕಿನಾಗ ಹೇಳಿದ್ರು, ಗೊತ್ತಿಲ್ಲದಕ್ಕ ಕೈ ಹಚ್ಚಿದ್ರ ಮುಳುಗ್ತೀರಿ ಅಂತ."

ನಾಗೇಂದ್ರಪ್ಪನವರು ಚಹಾದ ಕಪ್ಪನ್ನು ಹಾಗೆಯೇ ಇಟ್ಟುಬಿಟ್ಟರು. ಇಷ್ಟು ಹೊತ್ತು ಹುಡುಗಿಯನ್ನು ಎತ್ತಿದವನು ಯಾರೆಂದು ಹುಡುಕುತ್ತಿದ್ದರು. ಹುಡುಕಬೇಕಾದದ್ದು ಅವಳನ್ನು ಮುಳುಗಿಸಲು ಹೋದವನನ್ನು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಆಸಾಮಿ ಯಾವನೋ ಇದ್ದಾನೆ.

ಜೀಪು ಚಿತ್ತಾಪುರದ ಕಾಲೇಜಿಗೆ ಬಂದಾಗ ಅಂಬಾರಾಯ ಗಿಡಗಳಿಗೆ ನೀರು ಹಾಕುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ, ವಾಡಿಯಿಂದ ದಿನಾ ರೈಲಿನಲ್ಲಿ ಬಂದುಹೋಗುವವನು. ಜಯಮಾಲಾ ದಾರಿಯಲ್ಲೇ ಫೋನು ಮಾಡಿ ವಿಚಾರಿಸಿಕೊಂಡಿದ್ದಳು. ಮೂರನೇ ಸ್ಥಾನದ ಭಾಗ್ಯವಂತಿ ಇವನ ಮಗಳು.

ನಾಗೇಂದ್ರಪ್ಪನವರು ಕಟ್ಟೆಯ ಮೇಲೆ ಕೂತು ಅವನನ್ನೂ ಕೂರಿಸಿಕೊಂಡರು.

"ನನ್ನ ತಂಗಿ ಮಗಾನೂ ನೀಟ್ ಬರೀಲಿಕತ್ತಾನ ಅಂಬಾರಾಯ. ಗೊತ್ತಿಲ್ಲದ್ದು ಖಾಲಿ ಬಿಡಲಾ, ಅಂದಾಜಿಲೇ ತುಂಬಲಾ ಅಂತ ಕೇಳಾಕತ್ತಾನ. ನೀ ಏನಂತಿ?"

"ಬಿಡ್ಲಿರಿ ಸಾಹೇಬ್ರ, ತುಂಬಿದ್ರ ಸತ್ತ. ಒಂದೊಂದು ಚುಕ್ಕಿಗಿ ಒಂದೊಂದು ಮಾರ್ಕು ಹೋಗ್ತದ. ಅರವತ್ತು ತುಂಬಿದ್ರ ಅರವತ್ತೂ ಹೋಗ್ತಾವ. ಎಂಥಾ ಶ್ಯಾಣ್ಯಾಕಿನೂ ಕೆಳಗ ಬೀಳ್ತಾಳ."

"ನಾ ತಂಗಿ ಮಗ ಅಂದೆ. ನೀ ಶ್ಯಾಣ್ಯಾಕಿ ಅಂದಿ. ಅರವತ್ತು ಅಂತ ನಿನಗ ಯಾರ್ ಹೇಳಿದ್ರು?"

ಅಂಬಾರಾಯನ ಕೈಯಲ್ಲಿದ್ದ ಪೈಪಿನ ನೀರು ಅವನ ಕಾಲ ಮೇಲೆಯೇ ಹರಿಯುತ್ತಿತ್ತು. ಜಯಮಾಲಾ ಹೋಗಿ ನಳ ಬಂದ್ ಮಾಡಿದಳು.

"ಕಪಾಟಿನ ಕೀಲಿ ಯಾರ ಹತ್ತಿರ ಇತ್ತು?"

"ಒಂದು ನನ್ನ ಹತ್ತಿರ."

"ಪೆನ್ನು?"

"ಆಫೀಸಿಂದು. ನೀಲಿದು."

"ಮತೀನನ ಹಾಳಿಗಿ ಯಾಕ ಕೈ ಹಚ್ಚಲಿಲ್ಲ?"

"ಆ ಹುಡುಗ ಒಂದೂ ಖಾಲಿ ಬಿಟ್ಟಿದ್ದಿಲ್ರಿ. ನಾಹಿದಂದು ಅರವತ್ತು ಖಾಲಿ ಇದ್ವು. ಹ್ವಾದ ವರ್ಷ ಕಾಲೇಜುಗಳ ಪರೀಕ್ಷಾದಾಗ ಆಕಿನೇ ಫಸ್ಟ್ ಬಂದಿದ್ಳು. ಆಕಿ ಒಬ್ಬಾಕಿ ಹಿಂದ ಸರದ್ರ..."

ಹಾಜರಿ ಪುಸ್ತಕದ ಪಕ್ಕದಲ್ಲಿದ್ದ ನೀಲಿ ಪೆನ್ನು, ಕಪಾಟಿನ ಕೀಲಿ ಎರಡನ್ನೂ ಪಂಚನಾಮೆ ಮಾಡಿ ಜಪ್ತಿ ಮಾಡಿದರು. ಸಂಜೆ ನಾಲ್ಕೂಕಾಲಿಗೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ನಾಗೇಂದ್ರಪ್ಪನವರು ಒಂದು ಬಿಳಿ ಹಾಳೆಯ ಮೇಲೆ ಮೂರು ಹೆಸರು, ಮೂರು ಅಂಕ ಬರೆದು ಅವನ ಮುಂದಿಟ್ಟರು. ನೀಲಿ ವೃತ್ತಗಳನ್ನು ತೆಗೆದರೆ ಮತೀನ ಮೊದಲು, ಭಾಗ್ಯವಂತಿ ಎರಡನೆಯವಳು, ನಾಹಿದ ಮೂರನೆಯವಳು.

"ಓದು."

ಅಂಬಾರಾಯ ಓದಿದ. ಇನ್ನೊಮ್ಮೆ ಓದಿದ.

"ನೀ ಅವತ್ತು ಸುಮ್ಮನ ನಿನ್ನ ಗಿಡಕ್ಕ ನೀರು ಹಾಕಿದ್ರ ಸೀಟು ನಿನ್ನ ಮಗಳದೇ ಇತ್ತೋ ಮಾರಾಯ. ಗೆದ್ದ ಮಗಳನ್ನ ನೀನೇ ಕೆಳಗ ಕೆಡವಿದಿ."

ಆ ಮನುಷ್ಯ ಅತ್ತದ್ದನ್ನು ನೋಡಿ ಜಯಮಾಲಾಗೂ ಸಂಕಟವಾಯಿತು. ಅವಳು ಹೊರಗೆ ಹೋಗಿ ನೀರು ತಂದುಕೊಟ್ಟಳು.

"ಯಾಕ ಮಾಡಿದಿ?" ಎಂದು ಕೊನೆಗೆ ಕೇಳಿದಾಗ ಅವನು ಹೇಳಿದ್ದನ್ನು ನಾಗೇಂದ್ರಪ್ಪ ಹಾಗೆಯೇ ಬರೆದುಕೊಂಡರು. ಮಗಳು ಹಗಲೆಲ್ಲ ಓದುತ್ತಿದ್ದಳು. ಆದರೆ ಜವಾನನ ಮಗಳು ಎಷ್ಟು ಓದಿದರೂ ಗೆಲ್ಲುವುದು ಬೇರೆಯವರೇ ಎಂದು ಇವನ ತಲೆಯಲ್ಲಿ ಕೂತುಬಿಟ್ಟಿತ್ತು. ಉತ್ತರ ತುಂಬಿ ಅವಳಿಗೆ ನೆರವಾಗೋಣವೆಂದರೆ ಇವನಿಗೆ ಉತ್ತರಗಳು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೈಕಿನಲ್ಲಿ ಕೇಳಿದ ಆ ಒಂದು ಮಾತು ಮಾತ್ರ. ಮಗಳ ಮೇಲೆ ಅವನಿಗೆ ಜೀವವೇ ಇತ್ತು, ನಂಬಿಕೆಯೊಂದು ಇರಲಿಲ್ಲ.

ಶುಕ್ರವಾರ ಟ್ರಸ್ಟು ಸಭೆ ಕರೆಯಿತು. ತಿದ್ದಿದ ಯಾದಿ ಓದಿದಾಗ ಹಿಂದಿನ ಸಾಲಿನಿಂದ ಯಾರೋ, ಕಳ್ಳನ ಮಗಳಿಗೆ ಹೇಗೆ ಕೊಡುತ್ತೀರಿ ಎಂದು ಕೂಗಿದರು. ಭಾಗ್ಯವಂತಿ ತಲೆ ತಗ್ಗಿಸಿ ಎದ್ದು ಬಾಗಿಲ ಕಡೆ ನಡೆದಳು. ಅವಳನ್ನು ಕೈ ಹಿಡಿದು ನಿಲ್ಲಿಸಿದವಳು ನಾಹಿದ.

"ಆಕಿ ಹಾಳಿ ಮ್ಯಾಲ ಒಂದೂ ನೀಲಿ ಚುಕ್ಕಿ ಇಲ್ರಿ. ಆಕಿ ಬರೆದಿದ್ದು ಆಕಿದು. ನನಗ ಕಡಿಮಿ ಬಿದ್ದದ್ದು ನಾ ಅಂಜಿದ್ದಕ್ಕ, ಆಕಿ ಅಪ್ಪನಿಂದಲ್ಲ."

ಹೀಗೆ ಹೇಳಿ ಕೂತ ಮೇಲೆ ಅವಳ ಕಣ್ಣು ತುಂಬಿದ್ದು ನಿಜ. ಸೀಟು ಕಳೆದುಕೊಂಡರೆ ಯಾರಿಗಾದರೂ ನೋವಾಗುತ್ತದೆ. ಸಭೆ ಮುಗಿದ ಮೇಲೆ ಹುಡುಗಿಯರಿಬ್ಬರೂ ಹೊರಗೆ ಬಹಳ ಹೊತ್ತು ಮಾತಾಡಿದರು. ಕಲಬುರಗಿಯ ತರಬೇತಿಯಲ್ಲಿ ಕೊಡುವ ಪ್ರತಿ ಪ್ರಶ್ನೆಪತ್ರಿಕೆಯ ಫೋಟೊ ಅದೇ ದಿನ ಮುಧೋಳಕ್ಕೆ ಬರುತ್ತದೆ, ಭಾನುವಾರ ಇಬ್ಬರೂ ಫೋನಿನಲ್ಲಿ ತಪ್ಪು ತಿದ್ದಿಕೊಳ್ಳುತ್ತಾರೆ ಎಂದು ಒಪ್ಪಂದವಾಯಿತು. ಇದನ್ನು ಕೇಳಿದ ಗುಲಾಮ್ ರಸೂಲ್, ಅಂದಾಜು ಮಾಡುವುದನ್ನು ತಾನೇ ಎದುರು ಕೂರಿಸಿಕೊಂಡು ಕಲಿಸುತ್ತೇನೆ, ಸೇಡಂಗೆ ಬಾ ಎಂದರು. ಗನಿಸಾಬ ಮಾತ್ರ ಮೊಮ್ಮಗಳಿಗೆ ಬಯ್ಯುತ್ತಲೇ ಅವಳಿಗೂ ಭಾಗ್ಯವಂತಿಗೂ ಭಜ್ಜಿ ಕೊಡಿಸಿದ.

ಮುಂದಿನ ವಾರ ಚಿತ್ತಾಪುರದ ನ್ಯಾಯಾಲಯ ಅಂಬಾರಾಯನಿಗೆ ಜಾಮೀನು ಕೊಟ್ಟಿತು. ಅವನು ಹೊರಗೆ ಬಂದಾಗ ಮಗಳು ಬ್ಯಾಗಿನ ಸಮೇತ ಬೇವಿನ ಮರದ ಕೆಳಗೆ ನಿಂತಿದ್ದಳು. ಅಪ್ಪನಿಗೆ ಮುಖ ಎತ್ತಲು ಆಗಲಿಲ್ಲ.

"ಅಪ್ಪಾ, ನಾ ಕಲಬುರ್ಗಿಗಿ ಹೊಂಟೀನಿ."

"ನಿನಗ ಭಾಳ ಅನ್ಯಾಯ ಮಾಡೀನವ್ವಾ."

"ಮಾಡೀದಿ. ಅದು ಕೋರ್ಟ್ ನೋಡ್ತದ," ಎಂದಳು ಭಾಗ್ಯವಂತಿ. "ಇನ್ನ ಮ್ಯಾಲ ನನ್ನ ನಡುವ ಬರಬ್ಯಾಡ. ಸೋತ್ರ ನಾನೇ ಸೋಲ್ತೀನಿ, ಗೆದ್ರ ನಾನೇ ಗೆಲ್ತೀನಿ. ನೀ ಬರೇ ನಂಬು."

ಅಂಬಾರಾಯ ತಲೆಯಾಡಿಸಿದ. ಬ್ಯಾಗು ಎತ್ತಿಕೊಳ್ಳಲು ಕೈ ಚಾಚಿದವನು ಯಾಕೋ ಹಿಂದೆಗೆದ. ಅವಳು ತಾನೇ ಎತ್ತಿಕೊಂಡಳು. ಬಸ್ ನಿಲ್ದಾಣದವರೆಗೆ ಅಪ್ಪ ಮಗಳ ಪಕ್ಕದಲ್ಲಿ ನಡೆದ.