ಇಂಜೆಕ್ಷನ್ ಸತ್ತದ್ದೆಲ್ಲಿ?

ಗಡಿಯಾರದ ಮುಳ್ಳು ಚಿಮಟದಿಂದ ಜಾರಿ ಮತ್ತೆ ನೆಲಕ್ಕೆ ಬಿತ್ತು. ಗಡಿಯಾರದಕ್ಕ — ವಾಚ್ ರಿಪೇರಿಯವಳನ್ನು ಎಲ್ಲರೂ ಕರೆಯುವುದೇ ಹಾಗೆ — ಕಣ್ಣಿನ ಭೂತಗನ್ನಡಿ ತೆಗೆದು ಕೈ ನೋಡಿಕೊಂಡಳು. ಗೆಣ್ಣುಗಳು ಊದಿ ಕೆಂಪಾಗಿದ್ದವು. ತೆಪ್ಪಗಿದ್ದ ಕೀಲುನೋವು ಮತ್ತೆ ವಕ್ಕರಿಸಿತ್ತು. ಬೆರಳು ಹೋದರೆ ಕಸುಬೂ ಹೋದ ಹಾಗೇ.

ಇಂಜೆಕ್ಷನ್ ಒಂದೂ ತಪ್ಪಿಸಿರಲಿಲ್ಲ. ಹಾಗಾದರೆ — ಅದರಲ್ಲಿ ಮದ್ದೇ ಇರಲಿಲ್ಲವೇ?

ಚುಚ್ಚುತ್ತಿದ್ದವಳು ನಾದಿನಿ, ನರ್ಸು. "ದುಬಾರಿ ಮದ್ದು ಮಾರಿಕೊಂಡು ನನಗೆ ನೀರು ಚುಚ್ಚಿದೆಯಾ?" ಎಂದು ಗಡಿಯಾರದಕ್ಕ ಕೇಳಿಯೇಬಿಟ್ಟಳು.

"ಸೀಲು ಒಡೆದದ್ದು ನಿಮ್ಮ ಕಣ್ಣೆದುರಿಗೇ ಅಲ್ವಾ ಅತ್ತಿಗೆ!"

"ಸೀಲು ಮತ್ತೆ ಅಂಟಿಸೋಕೆ ಬರಲ್ವಾ?"

ನಾದಿನಿಯ ಕಣ್ಣು ತುಂಬಿತು. ಮೀನಂಗಡಿ ಇಟ್ಟಿದ್ದ ಗಂಡ, ಇತ್ತ ಹೆಂಡತಿ ಅತ್ತ ತಂಗಿ ಎಂದು ಅಡಕತ್ತರಿಯಲ್ಲಿ ಸಿಕ್ಕಿಬಿದ್ದ.

ರಕ್ತಪರೀಕ್ಷೆ ಮಾಡಿಸಿ, ವಾರದ ಮೇಲೆ ಮೂವರೂ ಕೀಲುವಾತದ ಡಾಕ್ಟ್ರಮ್ಮನ ಮುಂದೆ. ಪ್ರಶ್ನೆ ಕೇಳುವುದರಲ್ಲಿ ಆಕೆ ಪೊಲೀಸರಿಗಿಂತ ಒಂದು ಕೈ ಮೇಲು.

"ನಿಮ್ಮ ಕೀಲಲ್ಲಿ ಏನಾಗ್ತಿದೆ ಗೊತ್ತಾ? ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸ್ತಿವೆ. ಸುದ್ದಿ ಒಯ್ಯೋ ಅಣುಗಳೇ ಸೈಟೊಕೈನ್. ಶತ್ರು ಇಲ್ಲದಿದ್ದರೂ 'ಶತ್ರು ಬಂದ, ಓಡಿ ಬನ್ನಿ' ಅಂತ ಬೊಬ್ಬೆ! ಬಂದ ಕೋಶಗಳೂ ಸೇರಿ ಬೊಬ್ಬೆ ಹಾಕ್ತವೆ. ಊತ, ನೋವು, ಕೊನೆಗೆ ಮೂಳೆ ಸವೆತ. ಇವುಗಳ ಮುಖಂಡ ಟಿಎನ್‌ಎಫ್. ಅವನನ್ನ ದಾರಿಯಲ್ಲೇ ಹಿಡಿದುಹಾಕೋದು ನಿಮ್ಮ ಇಂಜೆಕ್ಷನ್ ಕೆಲಸ."

"ಹಿಡೀಲಿಲ್ಲವಲ್ಲ?"

"ನಿಮ್ಮ ದೇಹವೇ ಮದ್ದಿನ ಮೇಲೆ ತಿರುಗಿಬಿದ್ದಿರಬಹುದು — ಆದರೆ ರಕ್ತಪರೀಕ್ಷೆಯಲ್ಲಿ ಅದು ಕಾಣಲಿಲ್ಲ. ಇಲ್ಲವೇ, ಒಳಗೆ ಹೋಗೋ ಮುಂಚೆಯೇ ಮದ್ದು ಸತ್ತಿರಬೇಕು. ಖಾಲಿ ಡಬ್ಬಿ ತಂದ್ರಾ? ನಿಮ್ಮ ಭೂತಗನ್ನಡಿಯಲ್ಲಿ ನೋಡಿ. ಸೀಲು ಬಿಡಿ — ಒಳಮಡಿಕೆ ನೋಡಿ."

ರಟ್ಟು ನೆನೆದು ಒಣಗಿ ಸೊಟ್ಟಗಾಗಿತ್ತು. ಮಡಿಕೆಯಲ್ಲಿ ಏನೋ ಹೊಳೆಯಿತು. ತೆಳ್ಳಗೆ, ದುಂಡಗೆ. ಅದು ಮೀನಿನ ಹುರುಪೆ!

"ಡಬ್ಬಿ ತರೋದು ಯಾರು?"

"ಮೊದಲು ನಾನೇ," ಅಂದಳು ನಾದಿನಿ. "ಈಚೆಗೆ ನನ್ನ ಡ್ಯೂಟಿ ಬದಲಾಯ್ತು. ಅಣ್ಣ ತರ್ತಿದ್ದಾನೆ."

ಡಾಕ್ಟ್ರಮ್ಮ ಗಂಡನತ್ತ ತಿರುಗಿದರು.

"ಎಲ್ಲಿಡ್ತಿದ್ರಿ?"

"ಅಂಗಡಿಯ ಡೀಪ್ ಫ್ರೀಜರ್‌ನಲ್ಲಿ... ಮೀನಿನ ಪಕ್ಕ. ಮನೆ ಫ್ರಿಜ್ಜಿನ ತಂಪು ಯಾತಕ್ಕೂ ಸಾಲದು ಡಾಕ್ಟ್ರೇ. ಚುಚ್ಚೋ ದಿನ ಕರಗಿಸಿ ಮನೆಗೆ ತರ್ತಿದ್ದೆ. ಕೆಡಬಾರದು ಅಂತ..."

"ಮೀನಿಗೆ ಅದು ಸರಿ, ಮದ್ದಿಗೆ ಫ್ರಿಜ್ಜಿನ ತಂಪೇ ಸಾಕು. ಈ ಮದ್ದು ಹೆಪ್ಪುಗಟ್ಟಿದರೆ ಅದರ ಅಣುಗಳ ಆಕಾರ ಕೆಡುತ್ತೆ. ಆಮೇಲೆ ಅದರ ಕೈಗೆ ಟಿಎನ್‌ಎಫ್ ಸಿಕ್ಕೋದಿಲ್ಲ. ಕರಗಿದ ಮೇಲೆ ನೋಡೋಕೆ ಮಾತ್ರ ಹೊಸದರ ಹಾಗೇ. ಇಲ್ಲಿ ಕಳ್ಳರು ಯಾರೂ ಇಲ್ಲ. ಮದ್ದನ್ನ ಕೊಂದವರು ನೀವು — ಹೆಂಡತಿ ಮೇಲಿನ ಅಕ್ಕರೆಯಿಂದ."

ಡಾಕ್ಟ್ರಮ್ಮ ಹೊಸ ಡಬ್ಬಿ ಮುಂದಿಟ್ಟರು. "ಯಾರ ಕೈಗೆ ಕೊಡಲಿ?"

ಗಂಡ ಕೈ ಹಿಂದಕ್ಕೆಳೆದುಕೊಂಡ. ನಾದಿನಿ ಆಗಲೇ ಬಾಗಿಲು ದಾಟುತ್ತಿದ್ದಳು. ಗಡಿಯಾರದಕ್ಕ ಊದಿದ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಅವಳ ಹಿಂದೆಯೇ ಹೋದಳು.

"ತಪ್ಪಾಯ್ತು ಕಣೇ. ನಿನ್ನ ಮುಖ ನೋಡೋಕೂ ನಾಚಿಕೆ ಆಗ್ತಿದೆ. ಇದನ್ನ ನಿನ್ನ ಮನೆ ಫ್ರಿಜ್ಜಲ್ಲೇ ಇಡ್ತೀಯಾ?"

ನಾದಿನಿ ಹೊಸಿಲಲ್ಲೇ ನಿಂತಳು. ಆಮೇಲೆ ಡಬ್ಬಿ ಇಸಿದುಕೊಂಡು ಅಣ್ಣನತ್ತ ತಿರುಗಿದಳು.

"ನೀನು ಇದರ ಹತ್ತಿರ ಸುಳಿದೀಯ, ಜೋಕೆ!"