ಬಾವಲಿ ಮರದ ಕೆಳಗಿನ ಹುಣಸೇಹಣ್ಣು

ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವುದು ಚಂದನಳ ಚಾಳಿ. ಅವತ್ತೂ ಎತ್ತಿಬಿಟ್ಟಳು.

"ಬಾವಲಿ ಮರದ ಕೆಳಗೆ ನಾವು ಒಂದು ಬಿಳಿ ಶೀಟ್ ಹಾಸಿದ್ವಿ. ಅದರ ಮೇಲೆ ಹುಣಸೇಹಣ್ಣು ಒಣಗಿಸಿದ್ದು ಯಾರು ಅಂತ ಗೊತ್ತಾ?" ಎಂದು ಕೇಳಿದರು ಲ್ಯಾಬಿನಿಂದ ಬಂದಿದ್ದ ಶ್ಯಾಮಲಾ ಮೇಡಂ.

ಇಡೀ ಐದನೇ ಕ್ಲಾಸಿನಲ್ಲಿ ಮೇಲಿದ್ದದ್ದು ಒಂದೇ ಕೈ. ಚಂದನ ಅದನ್ನು ಮೆಲ್ಲಗೆ ಇಳಿಸಿ ತಲೆ ಕೆರೆದುಕೊಂಡಳು. ನೀರು ಕುಡಿಯೋಕೆ ಹೋಗ್ಬೇಕಿತ್ತು ಎಂದು ಗೊಣಗಿದಳು. ಅವಳು ಕ್ಲಾಸಿನ ಸೈನ್ಸ್ ಲೀಡರ್ ಬೇರೆ. ಊಟಕ್ಕೆ ಮುಂಚೆ ಎಲ್ಲರ ಉಗುರು ನೋಡಿ, ವೈರಸ್ ಬಗ್ಗೆ ಭಾಷಣ ಬಿಗಿಯುವ ಮಹಾಜ್ಞಾನಿ.

ಊರಿಗಾಂನ ಗಣಿ ಕಾರ್ಮಿಕರ ಸಾಲು ಮನೆಗಳ, ಅಂದರೆ ಲೈನ್ ಮನೆಗಳ ಮುಂದೆ ಒಂದು ಮಂಚ ಹಾಕಿದರೆ ಅಂಗಳ ಮುಗಿಯಿತು. ಹಾಗಾಗಿ ಹುಣಸೇಹಣ್ಣಿನ ಕಾಲದಲ್ಲಿ ಖಾಲಿ ಬಂಡೆ, ಖಾಲಿ ತಾರ್ಪಾಲು ಎಲ್ಲಿ ಕಂಡರೂ ಯಾರಾದರೊಬ್ಬರು ಹಣ್ಣು ಹರಡುತ್ತಾರೆ. ಖಾಲಿ ಬಿಟ್ಟವರದೇ ತಪ್ಪು. ಅವತ್ತು ಬೆಳಗಾಗುತ್ತಲೇ ಅಜ್ಜಿ ಚಿಕ್ಕಮುನಿಯಮ್ಮ ಹುಣಸೇಹಣ್ಣಿನ ಬುಟ್ಟಿ ಕೊಟ್ಟು, ಎಲ್ಲಾದರೂ ಜಾಗ ಹಿಡಿ ಎಂದಿದ್ದಳು. ಗಣಿ ಕಂಪನಿಯ ಹಳೇ ಬಂಗಲೆಯ ಹಿಂದೆ, ಎಲೆ ಉದುರಿದ ಮರದ ಕೆಳಗೆ, ಬಿಸಿಲಿನಲ್ಲಿ ಹೊಸಾ ಬಿಳಿ ಶೀಟ್ ಸುಮ್ಮನೆ ಬಿದ್ದಿತ್ತು. ತನ್ನ ಅದೃಷ್ಟಕ್ಕೆ ಹಿಗ್ಗಿ ಚಂದನ ಬುಟ್ಟಿ ಸುರಿದಳು. ತಲೆ ಎತ್ತಿ ಮಾತ್ರ ನೋಡಲಿಲ್ಲ. ಮೇಲೆ ನೂರಾರು ಬಾವಲಿಗಳು ಜೋತಾಡುತ್ತಿದ್ದವು. ಸ್ಕೂಲಿಗೆ ಹೊರಡುವ ಮುಂಚೆ ಹಣ್ಣನ್ನೆಲ್ಲ ಬಳಿದು ಅಜ್ಜಿಗೆ ಕೊಟ್ಟು ಬಂದಿದ್ದಳು. ಶೀಟ್ ಮೇಲೆ ಉಳಿದ ಸಿಪ್ಪೆ, ನಾರು ಮಾತ್ರ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಶ್ಯಾಮಲಾ ಮೇಡಂ ಬಿಡಿಸಿ ಹೇಳಿದರು. ಬಾವಲಿಯ ಮೈಯಲ್ಲಿ ಕೆಲವು ವೈರಸ್ ಇರಬಹುದು. ಅದಕ್ಕೇನೂ ಆಗಲ್ಲ, ಮನುಷ್ಯರಿಗೆ ಬಂದರೆ ಕಷ್ಟ. ಈ ಮರದಲ್ಲಿ ಇದೆ ಅಂತಲ್ಲ, ಇದೆಯಾ ಅಂತ ನೋಡಬೇಕು. ಅದಕ್ಕೇ ಶೀಟ್ ಮೇಲೆ ಬಿದ್ದ ಉಚ್ಚೆ, ಹಿಕ್ಕೆ ಲ್ಯಾಬಿಗೆ ಹೋಗುತ್ತದೆ. ಹಣ್ಣು ಯಾರದೇ ಆಗಲಿ, ತಿನ್ನಬೇಡಿ ಎಂದರು.

ಚಂದನಳಿಗೆ ಅಜ್ಜಿಯ ನೆನಪಾಯಿತು. ಅಜ್ಜಿ ಹುಣಸೆ ಬೀಜ ಬಿಡಿಸುವಾಗ ಹತ್ತಕ್ಕೊಂದು ಹಣ್ಣು ಬಾಯಿಗೇ ಹೋಗುತ್ತದೆ. ಈಗ ಬಾಯಿ ಬಿಟ್ಟರೆ ಲೀಡರ್‌ಗಿರಿ ಮಣ್ಣುಪಾಲು. ಬಿಡದಿದ್ದರೆ ಅಜ್ಜಿ?

"ಮಿಸ್, ಅದು ನಾನೇ," ಎಂದಳು ಎದ್ದು ನಿಂತು. "ನಮ್ಮಜ್ಜಿ ಈಗ ಅದನ್ನೇ ತಿಂತಾ ಕೂತಿರ್ತಾಳೆ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಹಿಂದಿನ ಬೆಂಚಿನ ವೆಂಕಿ ತನ್ನ ಉಗುರು ಮುಂದೆ ಚಾಚಿ, ಚೆಕ್ ಮಾಡಮ್ಮಾ ಎಂದ. ಚಂದನಳಿಗೆ ಅಳು ಬಂತು. ಅಳುತ್ತಲೇ ಮೇಡಂ ಜೊತೆ ಮನೆಗೆ ನಡೆದಳು.

ಅಜ್ಜಿಯ ಒಂದು ಕೆನ್ನೆ ಉಬ್ಬಿತ್ತು. ಚಂದನ ಸೋಪು ತರಲು ಒಳಗೆ ಓಡಿದಳು. ಬರುವಷ್ಟರಲ್ಲಿ ಅಜ್ಜಿ ಬಾಯಿ ಮುಕ್ಕಳಿಸಿದ್ದಳು. ಮೇಡಂ ಗ್ಲೌಸ್ ಹಾಕಿಕೊಂಡು ಹಣ್ಣನ್ನೆಲ್ಲ ಚೀಲಕ್ಕೆ ತುಂಬಿ, ಭಯ ಪಡೋದು ಬೇಡ, ಜ್ವರ ಬಂದರೆ ಮಾತ್ರ ತಕ್ಷಣ ಫೋನ್ ಮಾಡಿ ಎಂದರು. ಮರದ ಆಚೆ ಬದಿಯ ಇನ್ನೊಂದು ಶೀಟ್ ಪುಣ್ಯಕ್ಕೆ ಉಳಿದಿತ್ತು. ಅದರ ರಿಪೋರ್ಟ್ ಹತ್ತು ದಿನಕ್ಕೆ ಬರುತ್ತದಂತೆ.

"ನಮ್ಮವ್ವನ ಕಾಲದಿಂದ ಆ ಮರದಾಗೆ ಬಾವಲಿ ಅವೆ. ನಂಗೇನೂ ಆಗಲ್ಲ, ಓಗು," ಎಂದಳು ಅಜ್ಜಿ.

ಆ ಹತ್ತು ದಿನ ಚಂದನ ಅಜ್ಜಿಯನ್ನು ಬಿಡಲಿಲ್ಲ. ಸ್ಕೂಲಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಹಣೆ ಮುಟ್ಟುವಳು. ಅಜ್ಜಿ ಸೀನಿದರೆ ಪುಸ್ತಕ ಎಸೆದು ಓಡಿ ಬರುವಳು. ನಾನೇನು ಒಲೆ ಮೇಲಿನ ಮುದ್ದೆ ಪಾತ್ರೇನಾ ಎಂದು ಅಜ್ಜಿ ಒಂದು ದಿನ ಗದರಿಸಿಯೂ ಬಿಟ್ಟಳು.

ಹನ್ನೊಂದನೇ ದಿನ ಫೋನ್ ಬಂತು. ಯಾವ ವೈರಸ್ಸೂ ಸಿಕ್ಕಿಲ್ಲ. ಚಂದನ ಕುಣಿಯುತ್ತಾ ಹೋಗಿ ಹೇಳಿದಳು. ಅಜ್ಜಿ ಹೊಸ್ತಿಲ ಹತ್ತಿರ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಂಗೇನೂ ಆಗಲ್ಲ ಅಂತಿದ್ದವಳು ಈಗ್ಯಾಕೆ ಅಳ್ತೀಯಾ ಎಂದು ಚಂದನ ರೇಗಿಸಿದಳು.

"ನನ್ನ ಚಿಂತೆ ಯಾರಿಗಿತ್ತು ಕಣೇ," ಎಂದಳು ಅಜ್ಜಿ. "ಅವತ್ತು ಬುಟ್ಟಿ ತಂದಾಗ ನಿನ್ನ ಬಾಯಾಗೂ ಒಂದು ಉಣಸೇ ಅಣ್ಣಿತ್ತು. ನೀನು ಸೋಪು ತರಾಕೆ ಓದಾಗ ಆ ಮೇಡಮ್ಮಂಗೆ ಯೇಳ್ದೆ. ನಿಂಗೆ ಯೇಳಿದ್ರೆ ಎದರ್ಕೊಂತೀಯ ಅಂತ ಸುಮ್ನಿದ್ದೆ. ದಿನಾ ನೀನು ನಿದ್ದೆಯಿಂದ ಏಳೋಕೆ ಮುಂಚೆ ನಿನ್ನ ಅಣೆ ಮುಟ್ಟಿ ನೋಡ್ತಿದ್ದೆ."

ಚಂದನ ಬಾಯಿ ತೆರೆದಳು. ಹೌದು, ತಿಂದಿದ್ದಳು. ಊರಿಗೆಲ್ಲ ವೈರಸ್ ಪಾಠ ಹೇಳುವ ಮಹಾಜ್ಞಾನಿಗೆ ತನ್ನ ಬಾಯಿಯೇ ನೆನಪಿರಲಿಲ್ಲ. ಹತ್ತು ದಿನ ಅಜ್ಜಿಯನ್ನು ಕಾಯುತ್ತಿದ್ದೇನೆ ಎಂದುಕೊಂಡು ಎಷ್ಟು ಬೀಗಿದ್ದಳು.

ಅಜ್ಜಿಯ ಪಕ್ಕ ಹೊಸ್ತಿಲ ಮೇಲೆ ಒತ್ತರಿಸಿಕೊಂಡು ಕೂತಳು.