ಸೀನಿಯರ್ಸ್ ಬ್ಯಾಚಿನ ಮೊದಲ ಪಂದ್ಯ

ಸಮಸ್ತ ನಾಗರಿಕರ ಅವಗಾಹನೆಗೆ ತರಲು ಹರ್ಷಿಸುವುದೇನೆಂದರೆ, ಐವತ್ತು ದಾಟಿದ ಲಿಫ್ಟ್ ಮೆಕ್ಯಾನಿಕ್ ಒಬ್ಬರು ಈ ಸಂಜೆ, ಯಾರ ನೆರವೂ ಇಲ್ಲದೆ, ಉಸಿರು ಬಿಗಿಹಿಡಿದು ಬಗ್ಗಿ, ತಮ್ಮ ಶೂ ಲೇಸನ್ನು ತಾವೇ ಕಟ್ಟಿಕೊಂಡರು. ಎರಡೂ ಕಾಲಿನದು. ಈ ಐತಿಹಾಸಿಕ ಗಳಿಗೆಗೆ ಬಾಕ್ಸಿಂಗ್ ಕ್ಲಬ್ಬಿನ ಬೆಂಚು, ನೇತುಹಾಕಿದ ಗುದ್ದುಚೀಲ ಮತ್ತು ಹಲ್ಲಿನ ಡಾಕ್ಟರು ಸಾಕ್ಷಿಯಾದರು. ಬೆಂಚು, ಚೀಲ ಎರಡೂ ಘನತೆ ಕಾಯ್ದುಕೊಂಡವು. ಡಾಕ್ಟರು ಚಪ್ಪಾಳೆ ತಟ್ಟಿದರು. ಕೈಗೆ ಗ್ಲೌಸ್ ಹಾಕಿದ್ದರಿಂದ ದಿಂಬು ಕೊಡವಿದಂಥ ಸದ್ದಾಯಿತು.

"ಮೇಲೇಳೋದು ಯಾವಾಗ?" ಅಂತಲೂ ಕೇಳಿದರು.

"ಅದು ನಾಳೆಗೆ," ಅಂದ ಅವನು, ಬಗ್ಗಿದಲ್ಲಿಂದಲೇ.

ಪ್ರಕಟಣೆ ಮುಗಿಯಿತು. ಇನ್ನು ಅವನಿಗೆ ಬಹುವಚನ ಸಾಕು.

ಊರಿನ ಅರ್ಧ ಜನರನ್ನು ಮೇಲೇರಿಸುವುದು ಅವನ ಕೆಲಸ. ಅವನು ಮಾತ್ರ ಇದ್ದಲ್ಲೇ ಇದ್ದ. ಹೆಂಡತಿ ತೀರಿಕೊಂಡ ಮೇಲೆ ಮದುವೆಯಾಗದ ತಂಗಿ ಬಂದು ಮನೆ ಸೇರಿದ್ದಳು. ಸ್ಕೂಲ್ ಟೀಚರ್. ಮನೆಯಲ್ಲೂ ಟೀಚರ್. ಬೆಳಗಾದರೆ ಎಲ್ಲೋ ಒಂದು ಲಿಫ್ಟ್ ನಿಲ್ಲುತ್ತಿತ್ತು. ಎಣ್ಣೆ, ಗ್ರೀಸು, ಕತ್ತಲೆಯ ಕೊಳವೆ, ಒಳಗೆ ಸಿಕ್ಕಿಕೊಂಡವರ ಬೈಗುಳ. ಸಂಜೆಗೆ ಮೈಯೆಲ್ಲ ಕರೆಂಟು ಹೋದ ಕಟ್ಟಡ. ಮಲಗಿ ಎದ್ದರೆ ಹೋಗುವ ಸುಸ್ತು ಅದಲ್ಲ. ಮಲಗಿದರೆ ಅದೂ ಪಕ್ಕದಲ್ಲೇ ಮಲಗಿ, ಬೆಳಿಗ್ಗೆ ಅವನಿಗಿಂತ ಮೊದಲು ಏಳುತ್ತಿತ್ತು.

ಡಾಕ್ಟರ ಭೇಟಿಯಾದದ್ದೂ ಹಾಗೆ ನಿಂತ ಒಂದು ಲಿಫ್ಟಿನಿಂದಲೇ. ಕ್ಲಬ್ಬಿನ ಹಾಲ್ ನೆಲಮಾಳಿಗೆಯಲ್ಲಿ, ಬಟ್ಟೆ ಬದಲಿಸುವ ಕೋಣೆ ಮೇಲಿನ ಮಹಡಿಯಲ್ಲಿ. ಎರಡರ ನಡುವೆ ಒಂದು ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಅವನು ಬಾಗಿಲ ಸಂದಿಗೆ ಬಾಯಿಟ್ಟು, ವೃತ್ತಿಯಲ್ಲಿ ಬಾಯಿಪಾಠವಾದ ಸಾಂತ್ವನ ಹೇಳಿದ: ಹೆದರಬೇಡಿ, ಈಗ ತೆಗೆದುಬಿಡ್ತೀನಿ.

"ನಾನು ಹೆದರಿಲ್ಲ," ಅಂತು ಒಳಗಿನ ದನಿ. "ಮೂಗು ತುರಿಸ್ತಿದೆ. ಎರಡೂ ಕೈಗೆ ಗ್ಲೌಸ್ ಇದೆ."

"ಹಲ್ಲಲ್ಲಿ ಎಳೆದ್ರೆ ಪಟ್ಟಿ ಬಿಚ್ಚುತ್ತಲ್ಲ ಮೇಡಂ."

"ಹಲ್ಲಲ್ಲಿ ಏನನ್ನೂ ಎಳೀಬೇಡಿ ಅಂತ ದಿನಾ ಜನಕ್ಕೆ ಹೇಳೋದೇ ನನ್ನ ಕೆಲಸ."

ಬಾಗಿಲು ತೆರೆದಾಗ ಎದುರಿಗಿದ್ದದ್ದು ಅವನದೇ ವಯಸ್ಸಿನ ಹೆಂಗಸು. ಅರ್ಧ ನರೆತ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದಿದ್ದರು. ಕಣ್ಣ ಕೆಳಗೆ ಕಪ್ಪು. ಕೈಯಲ್ಲಿ ಮೈಯಷ್ಟೇ ಭಾರದ್ದೇನೋ ಅನ್ನಿಸುವ ನೀಲಿ ಗ್ಲೌಸು. ಅವರು ಮೊದಲು ಬಾಗಿಲ ಚೌಕಟ್ಟಿಗೆ ಮೂಗು ಉಜ್ಜಿಕೊಂಡರು. ಆಮೇಲೆ ನಕ್ಕರು. ಆ ಕ್ರಮ ಕಂಡೇ ಅವನ ಎದೆಯೊಳಗೆ ಏನೋ ಒಂದು ಮಹಡಿ ಕೆಳಗಿಳಿಯಿತು.

ಅವರನ್ನೇ ಕೋಚ್ ಅಂದುಕೊಂಡು, ಸಕ್ಕರೆ ಕಾಯಿಲೆಗೆ ವ್ಯಾಯಾಮ ಹೇಳಿದ್ದಾರೆ, ನನ್ನಂಥ ಹಳೇ ಗಾಡಿ ಸೇರಿಸ್ಕೋತೀರಾ ಅಂತ ಕೇಳಿದ. ಅವರು ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಸೇರಿಸ್ಕೋತೀವಿ ಅಂದರು. ಎಡಗಾಲು ಮುಂದೆ, ಗಲ್ಲ ಕೆಳಗೆ ಅಂತ ನಿಲ್ಲಿಸಿದರು. ಅವನು ಸ್ಪ್ಯಾನರ್ ಹಿಡಿದ ಕೈಯಲ್ಲೇ ಮುಷ್ಟಿ ಕಟ್ಟಿ ಬೆವರುತ್ತಿದ್ದಾಗ ನಿಜವಾದ ಕೋಚ್ ಬಂದ. ಮೂಗು ಒಂದು ಕಡೆ ವಾಲಿದ ಸಣಕಲ ಹುಡುಗ. ಕತ್ತಿನಲ್ಲಿ ಸದಾ ಸೀಟಿ ಇರುವುದರಿಂದ ಎಲ್ಲರೂ ವಿಷಲ್ ಸರ್ ಅನ್ನುತ್ತಿದ್ದರು.

"ಏನ್ ಡಾಕ್ಟ್ರೇ, ನೀವೇ ಸೇರಿದ್ದು ಹೋದ ವಾರ," ಅಂದ ಆ ಹುಡುಗ.

"ಅದಕ್ಕೇ. ಇನ್ನೂ ಹಸಿ ಹಸಿ ನೆನಪಿದೆ," ಅಂದರು ಡಾಕ್ಟರು.

ಹೀಗೆ ಅವನು ಜಾಬ್ ಜೊತೆಗೆ ಜ್ಯಾಬೂ ಕಲಿಯತೊಡಗಿದ. ಎಡಗೈ ಚಾಚಿದರೆ ಜ್ಯಾಬ್, ಸೊಂಟ ತಿರುಗಿಸಿದರೆ ಹುಕ್, ಸೊಂಟ ಅಲ್ಲೇ ಹಿಡಿದುಕೊಂಡರೆ ಮನೆ. ಅವನು ಮುಷ್ಟಿ ಕಟ್ಟಿದರೆ ಮಂಡಿ ಮುಷ್ಕರ ಹೂಡುತ್ತಿತ್ತು. ಸೀನಿಯರ್ಸ್ ಬ್ಯಾಚಿನಲ್ಲಿ ಇದ್ದವರೇ ಬೆರಳೆಣಿಕೆಯ ಮಂದಿ. ಅವರಲ್ಲೂ ಬಹುಪಾಲು ಜನ ಒಂದು ರೌಂಡು ಗುದ್ದಿ ಎರಡು ರೌಂಡು ತಮ್ಮ ಕಾಯಿಲೆಗಳನ್ನು ಹೋಲಿಸುತ್ತಿದ್ದರು.

ಅವನು ಬರುತ್ತಿದ್ದದ್ದು ಗುದ್ದುವುದಕ್ಕಲ್ಲ, ಕೈಗೆ ಪಟ್ಟಿ ಸುತ್ತಿಸಿಕೊಳ್ಳುವುದಕ್ಕೆ.

ಗ್ಲೌಸಿನೊಳಗೆ ಕೈಗೆ ಉದ್ದನೆಯ ಬಟ್ಟೆಪಟ್ಟಿ ಸುತ್ತಬೇಕು. ಎಷ್ಟೋ ಮೋಟಾರಿಗೆ ತಂತಿ ಸುತ್ತಿದ ಕೈಗೆ ಇದು ಬರಲಿಲ್ಲ. ಬರಲಿಲ್ಲವೋ, ಬರಿಸಿಕೊಳ್ಳಲಿಲ್ಲವೋ. ಡಾಕ್ಟರು ಎದುರಿಗೆ ಸ್ಟೂಲ್ ಎಳೆದು ಕೂತು, ಅವನ ಅಂಗೈಯನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು, ಬೆರಳು ಅಗಲಿಸಿ ಅನ್ನುತ್ತಿದ್ದರು. ಮಣಿಕಟ್ಟಿಗೆ, ಹೆಬ್ಬೆರಳಿಗೆ, ಬೆರಳ ಸಂದಿಗೆ, ಹಲ್ಲಿನ ಸಂದಿಯಲ್ಲಿ ಓಡಾಡಿ ಪಳಗಿದ ಆ ಬೆರಳುಗಳು ಹೋಗಿ ಬರುತ್ತಿದ್ದವು. ಅವರು ಕಣ್ಣೆತ್ತುತ್ತಿರಲಿಲ್ಲ. ಎತ್ತಿದಾಗ ಅವನು ಸೀಲಿಂಗ್ ಫ್ಯಾನು ನೋಡುತ್ತಿದ್ದ. ಅವನು ಕಣ್ಣಿಳಿಸುವಷ್ಟರಲ್ಲಿ ಅವರು ಪಟ್ಟಿಗೆ ಮರಳಿರುತ್ತಿದ್ದರು. ಅವನ ಉಗುರಿನ ಗ್ರೀಸು ಕಂಡು ಒಮ್ಮೆ, ಇದಕ್ಕೂ ಹಲ್ಲಿನ ಹಾಗೆ ಕಿಟ್ಟ ಕೆರೆದು ಸ್ಕೇಲಿಂಗ್ ಮಾಡಬೇಕು ಅಂದರು. ಅವನು ಮನೆಗೆ ಹೋಗಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಗುರು ಉಜ್ಜಿದ. ತಂಗಿ ನೋಡಿ, ಅಣ್ಣ, ಇದು ಸಕ್ಕರೆ ಕಾಯಿಲೆ ಅಲ್ಲ, ಸಿಹಿ ಕಾಯಿಲೆ ಅಂತ ತೀರ್ಪು ಕೊಟ್ಟಳು.

ಅಷ್ಟರಲ್ಲಿ ಕ್ಲಬ್ಬಿನ ಸಮಿತಿಗೆ ಜ್ಞಾನೋದಯವಾಯಿತು. ಸಂಜೆಯ ಒಳ್ಳೆಯ ಹೊತ್ತನ್ನು ಈ ಹಿರಿಯರು ಹರಟೆಗೆ ಬಳಸುತ್ತಿದ್ದಾರೆ, ಜುಂಬಾ ಡ್ಯಾನ್ಸಿನವರಿಗೆ ಕೊಟ್ಟರೆ ಹಾಲ್ ತುಂಬುತ್ತದೆ. ವಿಷಲ್ ಸರ್ ಜಗಳವಾಡಿ ಒಂದು ರಿಯಾಯಿತಿ ತಂದ: ವಾರ್ಷಿಕೋತ್ಸವದ ದಿನ ಸೀನಿಯರ್ಸ್‌ನಲ್ಲಿ ಒಬ್ಬರಾದರೂ ರಿಂಗಿಗಿಳಿದು ಪಂದ್ಯ ಆಡಿದರೆ ಬ್ಯಾಚ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಎಲ್ಲರೂ ತಮ್ಮ ತಮ್ಮ ಎಕ್ಸ್‌ರೇ ನೆನೆಸಿಕೊಂಡರು. ಅವನು ಕೈ ಎತ್ತಿದ.

ಯಾಕೆ ಎತ್ತಿದ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತರ ಹುಡುಗನಿಗೆ ಭೇಟಿಗೆ ನೆಪ ನೂರು. ಐವತ್ತು ದಾಟಿದವನಿಗೆ ಇದ್ದದ್ದು ಇದೊಂದೇ. ಬ್ಯಾಚ್ ಮುಚ್ಚಿದರೆ ಇನ್ನು ಡಾಕ್ಟರನ್ನು ನೋಡಬೇಕಾದರೆ ಹಲ್ಲು ಕೀಳಿಸಬೇಕು. ಬಾಯಲ್ಲಿ ಉಳಿದಿರುವ ಹಲ್ಲುಗಳ ಲೆಕ್ಕದಲ್ಲಿ ಆ ಪ್ರೇಮ ಬಹಳ ದಿನ ಬಾಳುವಂತಿರಲಿಲ್ಲ.

ಅಲ್ಲಿಂದ ಮಹಾಯೋಜನೆ ತಯಾರಾಯಿತು. ಪಂದ್ಯ ಆಡಿದವರಿಗೆ, ಸೋತರೂ ಗೆದ್ದರೂ, ಕೊನೆಗೆ ಮೈಕ್ ಕೊಟ್ಟು ಎರಡು ಮಾತಾಡಿಸುವುದು ಕ್ಲಬ್ಬಿನ ರೂಢಿ. ರಿಂಗಿನ ನಡುವೆ ನಿಂತು, ಮೈಕ್ ಹಿಡಿದು, ಎಲ್ಲರೆದುರಿಗೆ ಡಾಕ್ಟರನ್ನು ಕೇಳಿಬಿಡುವುದು. ಒಬ್ಬರ ಕಿವಿಯಲ್ಲಿ ಹೇಳುವ ಧೈರ್ಯವಿಲ್ಲದವನು ಊರ ಕಿವಿಯಲ್ಲಿ ಹೇಳಲು ಹೊರಟಿದ್ದ. ಬಾತ್‌ರೂಮಿನಲ್ಲಿ ಅಭ್ಯಾಸ ಶುರುವಾಯಿತು. ತಂಗಿ ಬಾಗಿಲು ಬಡಿದು, ಭಾಷಣ ಮುಗಿದಿದ್ರೆ ಸ್ನಾನ ಮಾಡು ಅಣ್ಣ, ನನಗೆ ಸ್ಕೂಲಿಗೆ ಹೊತ್ತಾಗುತ್ತೆ ಅನ್ನುತ್ತಿದ್ದಳು.

ರಿಂಗಿನಲ್ಲಿ ಅವನ ಮೂಲೆಯಲ್ಲಿ ನಿಂತು ನೀರು ಕುಡಿಸಿ ಬೆವರೊರೆಸಲು ಡಾಕ್ಟರೇ ಒಪ್ಪಿದರು. ಹಲ್ಲಿಗೆ ಹಾಕುವ ಮೌತ್‌ಗಾರ್ಡೂ ತಾವೇ ಮಾಡಿಕೊಡುವುದಾಗಿ ಹೇಳಿದರು. ಅವನ ಮೇಲ್ದವಡೆಯಲ್ಲಿ ಬಲಗಡೆ ನಾಲ್ಕು ಮನೆ ಖಾಲಿ. ಅಂಗಡಿಯ ರೆಡಿಮೇಡ್ ಮೌತ್‌ಗಾರ್ಡ್ ಅಲ್ಲಿ ಬಾಡಿಗೆಗೂ ನಿಲ್ಲುತ್ತಿರಲಿಲ್ಲ.

ಕ್ಲಿನಿಕ್ಕಿನ ಕುರ್ಚಿಯಲ್ಲಿ ಅವನು ಒರಗಿದ. ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಮುದ್ದೆಯನ್ನು ಬಾಯ್ತುಂಬ ತುಂಬಿ, ಗಟ್ಟಿಯಾಗುವ ತನಕ ಅಲುಗಬೇಡಿ ಅಂದರು ಡಾಕ್ಟರು. ಕಣ್ಣಿಗೆ ಲೈಟ್ ಬೀಳುತ್ತೆ, ಮುಚ್ಚಿಕೊಳ್ಳಿ ಅಂದರು. ಅವನು ಮುಚ್ಚಲಿಲ್ಲ. ಮಾಸ್ಕಿನ ಮೇಲೆ ಎರಡು ಕಣ್ಣು, ಬಲಹುಬ್ಬಿನ ತುದಿಯಲ್ಲಿ ಒಂದು ಮಚ್ಚೆ, ಹಣೆಯಲ್ಲಿ ದಿನದ ಸುಸ್ತು. ಬಾಯಿ ತುಂಬಿದವನ ಎದುರು ಮಾತು ಸುಲಭವೇನೋ. ಅವರು ಮೊದಲ ಸಲ ತಮ್ಮ ಬಗ್ಗೆ ಹೇಳಿಕೊಂಡರು. ಗಂಡ ಬಿಟ್ಟುಹೋದದ್ದು, ಮಗಳನ್ನು ಓದಿಸಿದ್ದು, ಅವಳು ಈಗ ದೂರದೂರಲ್ಲಿ ಸುಖವಾಗಿರುವುದು.

"ದಿನವಿಡೀ ಜನ ನನ್ನ ಮುಂದೆ ಬಾಯಿ ತೆಗೀತಾರೆ," ಅಂದರು. "ಮಾತಾಡೋಕೆ ಯಾರೂ ತೆಗೆಯಲ್ಲ. ಮನೆಗೆ ಹೋದ್ರೆ ಮಾತಾಡೋಕೆ ಬಾಯೇ ಇಲ್ಲ. ಅದಕ್ಕೇ ಬಾಕ್ಸಿಂಗ್ ಸೇರಿದ್ದು. ಯಾರಾದ್ರೂ ಒಬ್ರು ನನ್ನ ನೋಡಿ ಕೈ ಎತ್ತಲಿ ಅಂತ."

ಮುದ್ದೆ ಯಾವಾಗಲೋ ಗಟ್ಟಿಯಾಗಿತ್ತು. ಇಬ್ಬರೂ ಜ್ಞಾಪಿಸಿಕೊಳ್ಳಲಿಲ್ಲ.

ವಾರ್ಷಿಕೋತ್ಸವಕ್ಕೆ ಮುಂಚಿನ ವಾರ, ಆಡುವವರಿಗೂ ಮೂಲೆಯವರಿಗೂ ನಿಯಮಗಳ ಪಾಠ ಇಟ್ಟಿದ್ದ ವಿಷಲ್ ಸರ್. ಬೆಂಚಿನ ಮೇಲೆ ಕೂತು ಕೇಳುವ ಕ್ಲಾಸು. ಈ ವಯಸ್ಸಲ್ಲಿ ನಮಗೆ ನಿಯಮ ಹೇಳಿಕೊಡ್ತಾರಾ ಅಂತ ಡಾಕ್ಟರು ಪಿಸುಗುಟ್ಟಿದರು. ಇಬ್ಬರೂ ಶಾಲೆ ತಪ್ಪಿಸುವ ಮಕ್ಕಳಂತೆ ಹಿಂಬಾಗಿಲಿಂದ ಜಾರಿ ಎದುರಿನ ಕಾಫಿ ಅಂಗಡಿಯಲ್ಲಿ ಕೂತರು. ಹೆಚ್ಚು ಮಾತಾಡಲಿಲ್ಲ, ಆಡುವಷ್ಟು ತ್ರಾಣ ಇಬ್ಬರಲ್ಲೂ ಉಳಿದಿರಲಿಲ್ಲ. ಅವರು ಮೊಣಕೈ ನೀವಿಕೊಂಡರು, ಅವನು ಭುಜ ನೀವಿಕೊಂಡ. ಎರಡು ಸುಸ್ತುಗಳು ಒಂದೇ ಮೇಜಿನ ಮೇಲೆ ಮೊಣಕೈ ಊರಿ ಕೂತರೆ ಅದಕ್ಕೆ ವಿಶ್ರಾಂತಿ ಅನ್ನುತ್ತಾರೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಕಪ್ ಖಾಲಿಯಾಗಿ ಬಹಳ ಹೊತ್ತಾದ ಮೇಲೂ ಇಬ್ಬರೂ ಅದರಿಂದ ಕುಡಿಯುತ್ತಲೇ ಇದ್ದರು.

ವಾರ್ಷಿಕೋತ್ಸವ ಬಂತು. ನಾಲ್ಕು ಮೂಲೆ ಇಟ್ಟುಕೊಂಡೂ ರಿಂಗ್ ಅನ್ನಿಸಿಕೊಳ್ಳುವ ಆ ಕಟ್ಟೆಯ ಸುತ್ತ ಕುರ್ಚಿಗಳು ತುಂಬಿದ್ದವು. ಮುಂದಿನ ಸಾಲಿನಲ್ಲಿ ತಂಗಿ, ಉತ್ತರಪತ್ರಿಕೆ ತಿದ್ದಲು ಬಂದವಳ ಮುಖ ಹೊತ್ತು. ಎದುರಾಳಿ ಬೇರೆ ಕ್ಲಬ್ಬಿನ ಬಸ್ ಡ್ರೈವರು, ಹೊಟ್ಟೆಯೂ ವಯಸ್ಸೂ ಸರಿಸಮ. ಡಾಕ್ಟರು ಕೈಗೆ ಪಟ್ಟಿ ಸುತ್ತಿ, ಗ್ಲೌಸ್ ತೊಡಿಸಿ, ಜೇಬಿನಿಂದ ಪುಟ್ಟ ಡಬ್ಬಿ ತೆಗೆದರು.

ಒಳಗೆ ಮೌತ್‌ಗಾರ್ಡ್. ಕೆಂಪು. ಕಡುಗೆಂಪು.

"ಬಣ್ಣ ನಾನೇ ಆರಿಸಿದ್ದು," ಅಂದವರು ಸರಕ್ಕನೆ ನೀರಿನ ಬಾಟಲಿ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಬಾಯಿಗೆ ಇಟ್ಟುಕೊಂಡ. ಎಲ್ಲೂ ಒತ್ತಲಿಲ್ಲ, ಎಲ್ಲೂ ಅಲುಗಲಿಲ್ಲ. ಖಾಲಿ ಬಿದ್ದಿದ್ದ ನಾಲ್ಕು ಮನೆಗೂ ಯಾರೋ ಬಂದು ದೀಪ ಹಚ್ಚಿದ ಹಾಗಿತ್ತು. ಇಷ್ಟು ವರ್ಷದ ಸುಸ್ತು ಅವತ್ತು ಹೊರಗೆ ಚಪ್ಪಲಿ ಜೊತೆ ಉಳಿದಿರಬೇಕು. ಅವನು ಹಗ್ಗದಡಿ ನುಸುಳಿ ಒಳಗೆ ಹೋದ.

ರೆಫರಿ ಗ್ಲೌಸ್ ಒತ್ತಿ ನೋಡಿದರು. ಬಾಯಿ ತೆಗೀರಿ ಅಂದರು. ತೆಗೆದ.

"ಕೆಂಪು ನಡೆಯಲ್ಲ," ಅಂದರು. "ರಕ್ತ ಬಂದ್ರೆ ಗೊತ್ತಾಗಲ್ಲ. ನಿಯಮ ಇದೆ. ಬೇರೆ ಹಾಕ್ಕೊಳ್ಳಿ."

ವಿಷಲ್ ಸರ್ ತಲೆಮೇಲೆ ಕೈ ಹೊತ್ತು ಹಗ್ಗದ ಬಳಿ ಬಂದ. "ಅವತ್ತು ಕ್ಲಾಸಲ್ಲಿ ಮೊದಲು ಹೇಳಿದ್ದೇ ಇದು. ಯಾವ ಬಣ್ಣ ಬೇಕಾದ್ರೂ ತನ್ನಿ, ಕೆಂಪು ಬೇಡ ಅಂತ. ನೀವಿಬ್ರೂ ಎಲ್ಲಿದ್ರಿ?"

ಇಬ್ಬರೂ ನೆಲ ನೋಡಿದರು. ಅಂಗಡಿಯ ಆ ಕಾಫಿಯ ನಿಜವಾದ ಬಿಲ್ಲು ಈಗ ಬಂತು.

ಕ್ಲಬ್ಬಿನ ಚೀಲದಿಂದ ಒಂದು ರೆಡಿಮೇಡ್ ಹುಡುಕಿ ತಂದರು. ಬಾಯಿ ಮುಚ್ಚಿದರೆ ನಿಂತಿತು, ಉಸಿರೆಳೆದರೆ ಜಾರಿ ನಾಲಿಗೆಯ ಮೇಲೆ ಬಿತ್ತು. ಉಸಿರಾಡದೆ ಆಡ್ತೀನಿ ಅಂತ ಅವನು ಬೇಡಿಕೊಂಡ. ರೆಫರಿ ಒಳ್ಳೆಯವರು. ಮೂರು ಸಲ ಹಾಕಿಸಿ, ಮೂರು ಸಲ ನೆಲದಿಂದ ತಾವೇ ಎತ್ತಿಕೊಟ್ಟರು. ಆಮೇಲೆ, ಇದಿಲ್ಲದೆ ಆಡುವ ಹಾಗಿಲ್ಲ ಅಂದು, ಗಡಿಯಾರ ನೋಡಿ ಬಸ್ ಡ್ರೈವರನ ಕೈ ಮೇಲೆತ್ತಿದರು. ಏಟು ಕೊಡದೆ, ತಿನ್ನದೆ ಗೆದ್ದ ಡ್ರೈವರು ನಿಲ್ದಾಣ ತಲುಪಿದವನಂತೆ ಉಸಿರುಬಿಟ್ಟ.

ಅವನು ಮೈಕಿನತ್ತ ನೋಡಿದ. ಪಂದ್ಯ ಆಡಿದವರಿಗೆ ಮಾತ್ರ, ಅಂದರು ಸಮಿತಿಯವರು. ಇವನು ಆಡಿಲ್ಲ, ರಿಂಗಿನೊಳಗೆ ಇದ್ದದ್ದಷ್ಟೆ. ಅದೇ ಮೈಕಿನಲ್ಲಿ, ಸೋಮವಾರದಿಂದ ಸಂಜೆ ಜುಂಬಾ ಅಂತ ಘೋಷಣೆಯಾಯಿತು. ಜನ ಸಿಳ್ಳೆ ಹೊಡೆದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಹಟಕ್ಕೆ ಬಿದ್ದವನಂತೆ ಕೆಂಪು ಮೌತ್‌ಗಾರ್ಡನ್ನೇ ಮತ್ತೆ ಬಾಯಿಗೆ ಹಾಕಿಕೊಂಡು ಕೂತಿದ್ದ. ಡಾಕ್ಟರು ಎದುರು ಕೂತು ಕೈಯ ಪಟ್ಟಿ ಬಿಚ್ಚತೊಡಗಿದರು. ಸುತ್ತುವಾಗಿನ ಚುರುಕು ಬೆರಳಲ್ಲಿರಲಿಲ್ಲ.

"ಎಲ್ರಿಗೂ ಬಿಳೀದೇ ಮಾಡಿಕೊಡೋದು," ಅಂದರು, ಪಟ್ಟಿಗೆ ಹೇಳುವವರಂತೆ. "ಕೆಂಪು ಪ್ಲಾಸ್ಟಿಕ್ ಶೀಟ್ ನಿಮಗೋಸ್ಕರ ತರಿಸಿದೆ. ಈ ವಯಸ್ಸಲ್ಲಿ ಒಂದು ಕೆಂಪು ಕೊಡೋಕೆ ಹೋಗಿ, ಇದ್ದ ಸಂಜೆಯನ್ನೂ ಕಳೆದುಹಾಕಿದೆ ನೋಡಿ."

ಅವನಿಗೆ ಬಾಯಿಪಾಠವಾಗಿದ್ದ ಭಾಷಣ ಒಂದು ಸಾಲೂ ನೆನಪಿಗೆ ಬರಲಿಲ್ಲ. ಬಾಯಲ್ಲಿ ಏನಿದೆ ಅನ್ನುವುದೂ ನೆನಪಾಗಲಿಲ್ಲ. ಹಾಗೇ ಮಾತಾಡಿಬಿಟ್ಟ. ಸ್ವರಗಳು ಹೊರಬಂದವು, ವ್ಯಂಜನಗಳೆಲ್ಲ ಕೆಂಪು ಗೋಡೆಯ ಹಿಂದೆ ಸಿಕ್ಕಿಕೊಂಡವು. ಮೂರನೆಯವರು ಕೇಳಿದ್ದರೆ ಹಲ್ಲುನೋವು ಅಂದುಕೊಳ್ಳುತ್ತಿದ್ದರು. ಬ್ಯಾಚ್ ಹೋದರೆ ಹೋಗಲಿ, ನೀವು ಹೋಗಬೇಡಿ ಅಂದ. ನೆಪ ಹುಡುಕಿ ಹುಡುಕಿ ಸಾಕಾಗಿದೆ, ಇನ್ನು ನೆಪ ಇಲ್ಲದೆ ಬರ್ತೀನಿ ಅಂದ. ಇಬ್ಬರಿಗೂ ಆಗಿರೋ ಸುಸ್ತನ್ನ ಒಂದೇ ಮನೆಯಲ್ಲಿ ಪಡೋಣ ಅಂದ.

ಡಾಕ್ಟರ ಕೈ ನಿಂತಿತು. ಪಟ್ಟಿಯ ಅರ್ಧ ಅವನ ಮಣಿಕಟ್ಟಿನಲ್ಲಿ, ಅರ್ಧ ಅವರ ಮಡಿಲಲ್ಲಿ.

"ಎಷ್ಟೋ ವರ್ಷದಿಂದ, ಬಾಯ್ತುಂಬ ಹತ್ತಿ ಇಟ್ಟುಕೊಂಡವರ ಮಾತು ಕೇಳಿದ್ದೀನಿ," ಅಂದರು ಮೆಲ್ಲಗೆ. "ಒಂದಕ್ಷರ ಬಿಡದೆ ಅರ್ಥ ಆಯ್ತು."

ಅವನು ಕಾದ.

"ಹೂಂ," ಅಂದರು.

ಸರಿಯಾಗಿ ಇನ್ನೊಮ್ಮೆ ಹೇಳೋಣವೆಂದು ಅವನು ಬಾಯಿಗೆ ಕೈ ಒಯ್ದ. ಅವರು ಕೈ ತಡೆದರು.

"ತೆಗೀಬೇಡಿ. ತೆಗೆದ್ರೆ ಬಾತ್‌ರೂಮಿನ ಭಾಷಣ ಶುರು ಮಾಡ್ತೀರಂತೆ, ನಿಮ್ಮ ತಂಗಿ ಹೇಳಿದ್ರು."

ಆಮೇಲೆ ಎದ್ದು ಬಂದು ಬೆಂಚಿನಲ್ಲಿ ಪಕ್ಕಕ್ಕೆ ಕೂತು, ಅವನ ಭುಜಕ್ಕೆ ತಲೆಯಾನಿಸಿದರು. ನೋಯುತ್ತಿದ್ದ ಭುಜವೇ ಅದು. ಅವನು ಹೇಳಲಿಲ್ಲ.